ತೊಟ್ಟಿಯ ಲೇಪ ತೊಟ್ಟಿಗೇ ಇರಲಿ: ನಾಲ್ಕು ತಾಲ್ಲೂಕುಗಳ ಸರಕು ವಾಹನದವರಿಗೆ ಬಹಿರಂಗ ಪತ್ರ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಲಾರಿ, ಟಿಪ್ಪರ್, ಪಿಕಪ್ ಮಾಲೀಕರಿಗೆ, ಚಾಲಕರಿಗೆ, ಟಿಂಕರಿಂಗ್ ಹಾಗೂ ಪೇಂಟಿಂಗ್ ಕೆಲಸಗಾರರಿಗೆ,



ಕೆಎ 64 ಎಂಬ ನೋಂದಣಿ ಸಂಖ್ಯೆ ಹೊತ್ತು ಈ ನಾಲ್ಕು ತಾಲ್ಲೂಕುಗಳ ರಸ್ತೆಗಳಲ್ಲಿ ಓಡಾಡುವ ಸರಕು ವಾಹನಗಳು ಜಲ್ಲಿ, ಎಂ-ಸ್ಯಾಂಡ್, ಸೈಜುಗಲ್ಲು, ಸಿಮೆಂಟು, ಕಡಲೆಕಾಯಿ, ಹುಣಸೆಹಣ್ಣು, ಮೇವು, ಕುರಿ ಎಂದು ಒಂದಕ್ಕೊಂದು ಸಂಬಂಧವಿಲ್ಲದ ಹೊರೆಗಳನ್ನು ಹೊರುತ್ತವೆ. ಒಂದೇ ಪಿಕಪ್ ಬೆಳಿಗ್ಗೆ ಕಲ್ಲು ಹೊತ್ತು ಸಂಜೆ ಗೊಬ್ಬರ ಹೊರುವುದೂ ಉಂಟು. ಹೀಗೆ ದುಡಿಯುವ ವಾಹನದ ಬಣ್ಣ ತೊಟ್ಟಿಯಲ್ಲಿ ಮೊದಲು ಕೆತ್ತಿಹೋಗಿ, ಆಮೇಲೆ ಚಕ್ರದ ಕಮಾನಿನ ಸುತ್ತ ಉದುರಿ, ಕೊನೆಗೆ ಬಾಗಿಲಿನ ಕೆಳಗಂಚಿನಲ್ಲಿ ತುಕ್ಕಾಗಿ ಒಡೆದು ಕಾಣಿಸಿಕೊಳ್ಳುತ್ತದೆ ಎಂಬುದು ಮಾಲೀಕರೆಲ್ಲರ ಅನುಭವಕ್ಕೂ ಬಂದ ಸಂಗತಿ. ಇದಕ್ಕೆ ಪರಿಹಾರವಾಗಿ, ತೊಟ್ಟಿಯ ಒಳಗೆ ಹಚ್ಚಲೆಂದು ತಯಾರಾದ ರೋಲ್-ಆನ್ ಬೆಡ್ ಲೈನರ್ ಎಂಬ ದಪ್ಪನೆಯ ಲೇಪವನ್ನು ಪೇಂಟಿನ ಬದಲಿಗೆ ವಾಹನದ ಇಡೀ ಹೊರಮೈಗೆ ಬಳಿಯುವ ರೂಢಿಯೊಂದು ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಬೆಳೆದು, ಭಾರತದ ನಗರಗಳ ಜೀಪು, ಪಿಕಪ್ ಪ್ರಿಯರಿಗೂ ತಲುಪಿದೆ. ಆ ರೂಢಿ ಈ ಸೀಮೆಗೆ ಎಷ್ಟರಮಟ್ಟಿಗೆ ಒಗ್ಗುತ್ತದೆ ಎಂಬುದನ್ನು ದುಡ್ಡು ಖರ್ಚಾಗುವ ಮೊದಲೇ ವಿಚಾರ ಮಾಡಬೇಕೆಂಬುದು ಈ ಪತ್ರದ ಉದ್ದೇಶ. ಪತ್ರದ ನಿಲುವನ್ನು ಮೊದಲಿಗೇ ಹೇಳಿಬಿಡುವುದು ಮೇಲು: ಪಿಕಪ್ಪಿನ ತೊಟ್ಟಿಯ ಒಳಗೆ, ಚಕ್ರದ ಕಮಾನಿನ ಅಡಿಯಲ್ಲಿ, ಬಾಗಿಲಿನ ಕೆಳಗಿನ ಪಟ್ಟಿಯಲ್ಲಿ ಈ ಲೇಪ ಒಳ್ಳೆಯ ಕೆಲಸ ಮಾಡುತ್ತದೆ; ಕ್ಯಾಬಿನ್ನಿಗೆ, ಚಾವಣಿಗೆ, ಇಡೀ ಹೊರಮೈಗೆ ಅದನ್ನು ಹಚ್ಚುವುದು ಇಲ್ಲಿನ ಬಿಸಿಲು, ನೀರು, ರಸ್ತೆ ಮತ್ತು ಗ್ಯಾರೇಜುಗಳ ಸ್ಥಿತಿಯಲ್ಲಿ ತಪ್ಪು ನಿರ್ಧಾರ.

ಲೇಪವೆಂದರೆ ಏನು ಎಂಬುದು ಸ್ಪಷ್ಟವಾಗದೆ ಮುಂದಿನ ಮಾತು ಅರ್ಥವಾಗದು. ಇದರ ಮೂಲದ್ರವ್ಯ ಪಾಲಿಯುರೆಥೇನ್. 1937ರಲ್ಲಿ ಜರ್ಮನಿಯ ಲೆವರ್‌ಕುಸೆನ್‌ನಲ್ಲಿ ಒಟ್ಟೊ ಬೇಯರ್ ಮತ್ತು ಅವರ ಸಹೋದ್ಯೋಗಿಗಳು ಕಂಡುಹಿಡಿದ ಈ ಪದಾರ್ಥ, ಐಸೊಸಯನೇಟ್ ಮತ್ತು ಪಾಲಿಯಾಲ್ ಎಂಬ ಎರಡು ವರ್ಗದ ರಾಸಾಯನಿಕಗಳು ಒಂದರೊಡನೊಂದು ಬೆಸೆದುಕೊಂಡಾಗ ಹುಟ್ಟುತ್ತದೆ. ಗಟ್ಟಿಯಾದ ಮೇಲೂ ಸ್ವಲ್ಪ ಬಾಗುವ, ಪೆಟ್ಟು ಬಿದ್ದರೆ ಸಿಡಿಯದೆ ತಡೆದುಕೊಳ್ಳುವ ಗುಣ ಅದಕ್ಕಿರುವುದರಿಂದ ಚಪ್ಪಲಿಯ ಅಟ್ಟೆಯಿಂದ ಹಿಡಿದು ಗಣಿಯ ಯಂತ್ರಗಳವರೆಗೆ ಬಳಕೆಯಲ್ಲಿದೆ. ಬೆಡ್ ಲೈನರ್ ತಯಾರಕರು ಇದಕ್ಕೆ ರಬ್ಬರಿನ ಸಣ್ಣ ಹರಳುಗಳನ್ನೋ ಬೇರೆ ಪುಡಿಗಳನ್ನೋ ಬೆರೆಸಿ, ಹಚ್ಚಿದ ಮೈ ಒರಟಾಗಿ ಸರಕು ಜಾರದಂತೆ ಮಾಡುತ್ತಾರೆ. ಅಮೆರಿಕದಲ್ಲಿ 1988ರಲ್ಲಿ ರೈನೋ ಲೈನಿಂಗ್ಸ್, 1993ರಲ್ಲಿ ಲೈನ್-ಎಕ್ಸ್ ಎಂಬ ಕಂಪನಿಗಳು ಯಂತ್ರದಿಂದ ಸಿಂಪಡಿಸುವ ಬಗೆಯನ್ನು ಜನಪ್ರಿಯಗೊಳಿಸಿದವು. ಯಂತ್ರವಿಲ್ಲದೆ ರೋಲರಿನಿಂದಲೇ ಹಚ್ಚಬಹುದಾದ ಡಬ್ಬಗಳು ಮನೆಯಲ್ಲೇ ಕೆಲಸ ಮಾಡಿಕೊಳ್ಳುವವರನ್ನು ನೆನೆದು ಬಂದವು. ಡಬ್ಬಗಳಲ್ಲಿ ಎರಡು ಜಾತಿ. ಒಂದೇ ಡಬ್ಬದ ಜಾತಿಯದು ಗಾಳಿಯಲ್ಲಿರುವ ತೇವವನ್ನು ಹೀರಿ ಗಟ್ಟಿಯಾಗುತ್ತದೆ. ಎರಡು ಡಬ್ಬದ ಜಾತಿಯಲ್ಲಿ ಹಾರ್ಡ್‌ನರ್ ಎಂಬ ಎರಡನೆಯ ದ್ರವವನ್ನು ಬೆರೆಸಿದ ಕೂಡಲೇ ರಾಸಾಯನಿಕ ಕ್ರಿಯೆ ಶುರುವಾಗುತ್ತದೆ.

ದಪ್ಪದಲ್ಲಿ ಅದಕ್ಕೂ ಪೇಂಟಿಗೂ ಹೋಲಿಕೆಯೇ ಇಲ್ಲ. ಕಾರ್ಖಾನೆಯಿಂದ ಬರುವ ವಾಹನದ ಮೇಲಿನ ಪೇಂಟು, ಪ್ರೈಮರ್ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ರೋಲರಿನಿಂದ ಎರಡು ಕೋಟು ಹಚ್ಚಿದ ಲೈನರ್ ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರಿನವರೆಗೆ ನಿಲ್ಲಬೇಕು. ಇಲ್ಲಿ ಮಾಲೀಕರೇ ಮಾಡಿಕೊಳ್ಳಬಹುದಾದ ಒಂದು ಲೆಕ್ಕವಿದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ದಪ್ಪ ನಿಲ್ಲಬೇಕಾದರೆ ಒಣಗಿದ ಪದಾರ್ಥವೇ ಒಂದು ಲೀಟರ್ ಬೇಕು. ಎರಡೂವರೆ ಮೀಟರ್ ಉದ್ದ, 1.7 ಮೀಟರ್ ಅಗಲದ ಪಿಕಪ್ ತೊಟ್ಟಿಯ ನೆಲ, ನಾಲ್ಕು ಗೋಡೆಗಳ ಒಳಮೈ ಸೇರಿದರೆ ಸುಮಾರು ಎಂಟು ಚದರ ಮೀಟರ್ ಆಗುತ್ತದೆ. ಅರ್ಧ ಮಿಲಿಮೀಟರ್ ದಪ್ಪಕ್ಕೇ ಒಣಗಿದ ಲೆಕ್ಕದಲ್ಲಿ ನಾಲ್ಕು ಲೀಟರ್ ಬೇಕು, ಡಬ್ಬದಲ್ಲಿರುವ ಥಿನ್ನರ್ ಆವಿಯಾಗಿ ಹೋಗುವುದರಿಂದ ಡಬ್ಬದ ಅಳತೆ ಅದಕ್ಕಿಂತ ಸಾಕಷ್ಟು ಹೆಚ್ಚಿರಬೇಕು. ಇಷ್ಟು ದೊಡ್ಡ ತೊಟ್ಟಿಯನ್ನು ಎರಡು ಲೀಟರ್ ಡಬ್ಬದಲ್ಲಿ ಮುಗಿಸಿಕೊಟ್ಟರೆ, ಅಲ್ಲಿ ಬೆಡ್ ಲೈನರ್ ನಿಂತಿಲ್ಲ, ಒರಟಾದ ಪೇಂಟು ಮಾತ್ರ ನಿಂತಿದೆ ಎಂದು ತಿಳಿಯಬೇಕು. ಇಡೀ ಹೊರಮೈಗೆ ಬಳಿಯಲು ಹೊರಟಾಗ ಖರ್ಚು ತಡೆಯಲಾರದೆ ತೆಳುವಾಗಿ ಎಳೆಯುವ ಆಸೆ ಹುಟ್ಟುವುದು ಸಹಜ. ಆಗ ಲೇಪದ ಒರಟು ಮಾತ್ರ ಉಳಿದು ಅದರ ರಕ್ಷಣೆ ಸಿಗದೆ ಹೋಗುತ್ತದೆ.

ಲೇಪದ ಗುಣವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಪಿಕಪ್ಪಿನ ತೊಟ್ಟಿಗೆ ಇಟ್ಟಿಗೆ, ಪೈಪು, ಗ್ಯಾಸ್ ಸಿಲಿಂಡರ್, ಬೋರ್‌ವೆಲ್ ಮೋಟಾರುಗಳನ್ನು ಎಳೆದು ಹಾಕುವಾಗ ಆಗುವ ಗೀರು ಎನಾಮಲ್ ಪೇಂಟನ್ನು ಒಂದೇ ಹಂಗಾಮಿನಲ್ಲಿ ತಗಡಿನವರೆಗೆ ಕೆರೆದುಬಿಡುತ್ತದೆ. ಲೈನರ್ ಅದನ್ನು ತಡೆದುಕೊಳ್ಳುತ್ತದೆ. ಕುರಿ, ಮೇಕೆ ಸಾಗಿಸುವ ವಾಹನದಲ್ಲಿ ಈ ಒರಟು ನೆಲಕ್ಕೆ ಇನ್ನೂ ಹೆಚ್ಚಿನ ಬೆಲೆಯಿದೆ: ಗೊರಸು ಜಾರದೆ ನಿಲ್ಲುವುದರಿಂದ ತಿರುವಿನಲ್ಲಿ ಪ್ರಾಣಿಗಳು ಒಂದರ ಮೇಲೊಂದು ಬೀಳುವುದು ಕಡಿಮೆಯಾಗುತ್ತದೆ, ಮೂತ್ರದಲ್ಲಿರುವ ಲವಣ ನೇರವಾಗಿ ತಗಡನ್ನು ಮುಟ್ಟುವುದಿಲ್ಲ. ಹಳ್ಳಿಯ ದಾರಿಗಳಲ್ಲಿ, ಕೆರೆ ಏರಿಗಳ ಮೇಲೆ ಎರಡೂ ಬದಿಯಿಂದ ಬಾಗಿ ಬೆಳೆದ ಬಳ್ಳಾರಿ ಜಾಲಿಯ ಮುಳ್ಳು ಬಾಗಿಲಿನ ಕೆಳಭಾಗವನ್ನು ಗೀರಿ ಹಾಕುವುದನ್ನು ಬಲ್ಲವರಿಗೆ, ಗಾಲಿಯ ಎತ್ತರದವರೆಗೆ ಒಂದು ಪಟ್ಟಿಯಾಗಿ ಈ ಲೇಪ ಹಚ್ಚಿಸುವ ಆಲೋಚನೆ ಬಂದರೆ ಅದರಲ್ಲಿ ತಪ್ಪಿಲ್ಲ.

ಟಿಪ್ಪರಿನ ವಿಷಯ ಮಾತ್ರ ಬೇರೆ. ತೊಟ್ಟಿ ಎಂಬ ಒಂದೇ ಕಾರಣಕ್ಕೆ ಟಿಪ್ಪರಿಗೂ ಇದನ್ನು ಹಚ್ಚಿಸುವುದು ಅಪಾಯಕ್ಕೆ ದಾರಿ. ಜಾಕ್ ಎತ್ತಿದಾಗ ಸರಕು ಸಲೀಸಾಗಿ ಜಾರಿ ಇಳಿಯಬೇಕು. ಒದ್ದೆಯಾದ ಎಂ-ಸ್ಯಾಂಡೋ ಜೇಡಿ ಬೆರೆತ ಮಣ್ಣೋ ಒರಟಾದ ನೆಲಕ್ಕೆ ಕಚ್ಚಿಕೊಂಡು ಒಂದು ಬದಿಯಲ್ಲೇ ಉಳಿದರೆ, ಎತ್ತಿದ ತೊಟ್ಟಿಯ ಭಾರ ಒಂದೇ ಕಡೆಗೆ ವಾಲಿ ಇಡೀ ವಾಹನ ಮಗುಚುವ ಸಂಭವವಿದೆ. ರಸ್ತೆ ಕೆಲಸಕ್ಕೆ ಬಿಸಿ ಡಾಂಬರು ಮಿಶ್ರಣ ಸಾಗಿಸುವ ಟಿಪ್ಪರುಗಳಲ್ಲಿ ಇನ್ನೊಂದು ತೊಂದರೆ: ಪ್ಲಾಂಟಿನಿಂದ ಹೊರಡುವ ಮಿಶ್ರಣದ ಶಾಖ ಸುಮಾರು 150 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಪಾಲಿಯುರೆಥೇನ್ ಲೇಪ ಅಷ್ಟು ಶಾಖವನ್ನು ತಾಳದೆ ಮೆತ್ತಗಾಗಿ ಕಿತ್ತು ಬರುತ್ತದೆ. ಕ್ವಾರಿಯಿಂದ ದಪ್ಪ ಕಲ್ಲುಗುಂಡುಗಳನ್ನು ಯಂತ್ರದ ಬಕೆಟಿನಿಂದ ಸುರಿಯುವ ತೊಟ್ಟಿಗಂತೂ ದಪ್ಪ ಉಕ್ಕೇ ಗತಿ. ಯಾವ ಲೇಪವೂ ಅಲ್ಲಿ ನಿಲ್ಲುವುದಿಲ್ಲ.

ಈಗ ಹೊರಮೈಯ ವಿಚಾರ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ನಿಂತಿರುವುದಕ್ಕೆ ಇಲ್ಲಿ ಬೀಳುವ ಬಿಸಿಲಿನ ಪ್ರಮಾಣವೂ, ಮೋಡ ಕಡಿಮೆಯಾದ ದಿನಗಳೂ ಮುಖ್ಯ ಕಾರಣಗಳು. ಅದೇ ಬಿಸಿಲು ವಾಹನದ ಹೊರಮೈಯನ್ನೂ ವರ್ಷವಿಡೀ ಸುಡುತ್ತದೆ. ಸೂರ್ಯನ ಬೆಳಕಿನಲ್ಲಿರುವ ನೇರಳಾತೀತ ಕಿರಣ, ಎಂದರೆ ಕಣ್ಣಿಗೆ ಕಾಣದಿದ್ದರೂ ಪ್ಲಾಸ್ಟಿಕ್ಕಿನ ಅಣುಸರಪಳಿಯನ್ನು ಕತ್ತರಿಸುವ ಶಕ್ತಿಯುಳ್ಳ ಕಿರಣ, ಎಲ್ಲ ಪಾಲಿಯುರೆಥೇನನ್ನೂ ಒಂದೇ ರೀತಿ ಕೆಡಿಸುವುದಿಲ್ಲ. ಆರೊಮ್ಯಾಟಿಕ್ ಎಂಬ ವರ್ಗದ ಐಸೊಸಯನೇಟಿನಿಂದ ತಯಾರಾದ ಅಗ್ಗದ ಲೇಪ ಬಿಸಿಲಿಗೆ ಹಳದಿಗಟ್ಟಿ, ಮಂಕಾಗಿ, ಮುಟ್ಟಿದರೆ ಕೈಗೆ ಸೀಮೆಸುಣ್ಣದಂತೆ ಪುಡಿ ಅಂಟುವ ಸ್ಥಿತಿಗೆ ಬರುತ್ತದೆ. ಅಲಿಫ್ಯಾಟಿಕ್ ಎಂಬ ವರ್ಗದ ದುಬಾರಿ ಲೇಪ ಹೆಚ್ಚು ಕಾಲ ಬಣ್ಣ ಉಳಿಸಿಕೊಳ್ಳುತ್ತದೆ. ಡಬ್ಬಗಳಲ್ಲಿ ಕಪ್ಪು ಬಣ್ಣದವೇ ಹೆಚ್ಚಾಗಿರುವುದಕ್ಕೂ ಇದರದೇ ಸಂಬಂಧವಿದೆ: ಕಪ್ಪು ಬಣ್ಣ ಕೊಡುವ ಇಂಗಾಲದ ಪುಡಿ ಆ ಕಿರಣವನ್ನು ತಾನೇ ಹೀರಿ ಒಳಗಿನ ಪದಾರ್ಥವನ್ನು ಕಾಯುತ್ತದೆ. ತೊಟ್ಟಿಯ ಒಳಗೆ ಟಾರ್ಪಾಲಿನ ಅಡಿಯಲ್ಲಿ, ಸರಕಿನ ಮರೆಯಲ್ಲಿ ಇದಾವುದೂ ದೊಡ್ಡ ಪ್ರಶ್ನೆಯಲ್ಲ. ಚಾವಣಿ, ಬಾನೆಟ್, ಬಾಗಿಲುಗಳ ಮೇಲೆ ಇದೇ ಮೊದಲ ಪ್ರಶ್ನೆ.

ಬಣ್ಣ ಮಂಕಾದರೆ ಆಗಲಿ, ತಗಡು ಉಳಿದರೆ ಸಾಕು ಎಂಬ ವಾದ ಬರಬಹುದು. ಅದಕ್ಕೆ ಉತ್ತರ ಚಾಲಕರ ಸೀಟಿನಲ್ಲಿದೆ. ಬಿಳಿ ಪೇಂಟು ತನ್ನ ಮೇಲೆ ಬಿದ್ದ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಕಪ್ಪು ಮೈ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗವನ್ನು ಹೀರಿಕೊಳ್ಳುತ್ತದೆ. ಗಾಳಿಯ ಶಾಖ 40 ಡಿಗ್ರಿಯ ಸುತ್ತಮುತ್ತ ಇರುವ ಏಪ್ರಿಲ್ ಮಧ್ಯಾಹ್ನದಲ್ಲಿ ನಿಂತ ವಾಹನದ ಕಪ್ಪು ಚಾವಣಿ 70 ಡಿಗ್ರಿ ದಾಟುವುದು ಅಪರೂಪವಲ್ಲ, ಅದರ ಅಡಿಯಲ್ಲಿ ಲೋಡಿಗಾಗಿ ಕಾಯುತ್ತ ಕೂರುವವರು ಚಾಲಕ ಮತ್ತು ಕ್ಲೀನರ್. 2025ರ ಅಕ್ಟೋಬರ್ 1ರಿಂದ ತಯಾರಾಗುವ, ಮೂರೂವರೆ ಟನ್ನಿಗೆ ಮೇಲ್ಪಟ್ಟ ಸರಕು ವಾಹನಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವೆಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ. ಚಾಲಕರ ದಣಿವಿಗೂ ಅಪಘಾತಕ್ಕೂ ಇರುವ ನಂಟನ್ನು ಗಮನಿಸಿಯೇ ಆ ನಿಯಮ ಬಂದಿತು. ಹಳೆಯ ಲಾರಿಗೂ, ಚಿಕ್ಕ ಪಿಕಪ್ಪಿಗೂ ಆ ಅನುಕೂಲ ಇಲ್ಲ. ಅಂಥ ವಾಹನದ ಚಾವಣಿಯನ್ನು ಕಪ್ಪು ರಬ್ಬರಿನಿಂದ ಮುಚ್ಚುವುದು, ಮಾಲೀಕನ ಪೇಂಟಿನ ಖರ್ಚನ್ನು ಚಾಲಕನ ಮೈಮೇಲೆ ಹೊರಿಸಿದಂತೆ. ಈ ಒಂದು ಕಾರಣವೇ ಸಾಕು, ಉಳಿದವು ಇಲ್ಲದಿದ್ದರೂ.

ನೀರಿನ ಸಮಸ್ಯೆಯನ್ನೂ ಇದರೊಂದಿಗೆ ಸೇರಿಸಿ ನೋಡಬೇಕು. ನಯವಾದ ಎನಾಮಲ್ ಮೈಮೇಲಿನ ಧೂಳನ್ನು ಒಂದು ಬಕೆಟ್ ನೀರು, ಒಂದು ಬಟ್ಟೆ ಒರೆಸಿ ತೆಗೆಯುತ್ತವೆ. ಒರಟು ಲೇಪದ ಸಾವಿರಾರು ಸಣ್ಣ ಗುಳಿಗಳಲ್ಲಿ ಕ್ರಷರಿನ ಬಿಳಿ ಧೂಳು, ಹೊಲದ ಕೆಂಪು ಮಣ್ಣು ಕೂತುಬಿಟ್ಟರೆ ಬ್ರಷ್ಷು ಬೇಕು, ಒತ್ತಡದ ಪೈಪು ಬೇಕು, ನೀರೂ ಹೆಚ್ಚು ಬೇಕು. ಪಾವಗಡ, ಶಿರಾ, ಮಧುಗಿರಿಗಳ ಬೋರ್‌ವೆಲ್ ನೀರು ಗಡಸು, ಹಲವೆಡೆ ಫ್ಲೋರೈಡಿನಿಂದ ಕೂಡಿದ್ದು; ಅದು ಒಣಗಿದಾಗ ಉಳಿಯುವ ಲವಣ ಕಪ್ಪು ಲೇಪದ ಮೇಲೆ ಬಿಳಿ ಕಲೆಯಾಗಿ ನಿಲ್ಲುತ್ತದೆ. ಆಯುಧಪೂಜೆಯ ದಿನ ಹಚ್ಚಿದ ಅರಿಶಿನ, ಕುಂಕುಮ ಆ ಗುಳಿಗಳೊಳಗೆ ಇಳಿದು ಮುಂದಿನ ಆಯುಧಪೂಜೆಯವರೆಗೂ ಇರುತ್ತವೆ. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರುಗಳಲ್ಲಿ, ತೊಳೆಯಲು ಹೆಚ್ಚು ನೀರು ಬೇಡುವ ಹೊರಮೈಯನ್ನು ಬೇಕೆಂದೇ ಕೊಂಡುಕೊಳ್ಳುವುದಕ್ಕೆ ಸಮರ್ಥನೆ ಸಿಗುವುದು ಕಷ್ಟ.

ಈ ಲೇಪವನ್ನು ಇಡೀ ಮೈಗೆ ಹಚ್ಚುವ ರೂಢಿಗೆ ಅಮೆರಿಕದ ಉತ್ತರ ರಾಜ್ಯಗಳಲ್ಲಿ, ಕೆನಡಾದಲ್ಲಿ ಒಂದು ನೈಜ ಕಾರಣವಿದೆ. ಅಲ್ಲಿ ಚಳಿಗಾಲದ ರಸ್ತೆಯ ಹಿಮ ಕರಗಿಸಲು ಉಪ್ಪು ಸುರಿಯುತ್ತಾರೆ, ಆ ಉಪ್ಪುನೀರು ವಾಹನದ ತಗಡನ್ನು ತಿನ್ನುತ್ತದೆ. ಉಕ್ಕು ತುಕ್ಕು ಹಿಡಿಯಲು ಆಮ್ಲಜನಕದ ಜೊತೆಗೆ ತೇವ ಬೇಕು. ಗಾಳಿಯ ಆರ್ದ್ರತೆ ಶೇಕಡಾ 60ಕ್ಕಿಂತ ಕೆಳಗಿದ್ದಾಗ ತುಕ್ಕಿನ ವೇಗ ಬಹಳ ಕಡಿಮೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಪಾವಗಡ, ಶಿರಾಗಳಲ್ಲಿ ವಾಹನದ ನಯವಾದ ಹೊರಮೈ ಗಾಳಿಯಿಂದ ತುಕ್ಕು ಹಿಡಿಯುವುದು ನಿಧಾನ. ಇಲ್ಲಿನ ತುಕ್ಕು ಹುಟ್ಟುವುದು ಒದ್ದೆ ಮರಳು ನಿಂತ ತೊಟ್ಟಿಯ ಮೂಲೆಯಲ್ಲಿ, ನೀರು ಹೊರಗೆ ಹೋಗದ ಬಾಗಿಲಿನ ಒಳಗಂಚಿನಲ್ಲಿ, ವೆಲ್ಡಿಂಗ್ ಮಾಡಿ ಪ್ರೈಮರ್ ಹಚ್ಚದೆ ಬಿಟ್ಟ ಕೂಡಿನಲ್ಲಿ. ಶಿರಾದಿಂದ ಹುಳಿಯಾರು, ಬಾಣಾವರದ ಮೇಲೆ ಮಂಗಳೂರಿಗೆ ಹೋಗುವ ಹಳೆಯ 234ನೇ ರಾಷ್ಟ್ರೀಯ ಹೆದ್ದಾರಿಯ ದಾರಿ ಹಿಡಿದು ಬಂದರಿನವರೆಗೆ ಓಡುವ ಲಾರಿಗಳಿಗೆ ಕಡಲ ಗಾಳಿಯ ಉಪ್ಪು ತಾಗುತ್ತದೆ ಎಂಬುದು ನಿಜ. ಅವುಗಳಿಗೂ ಬೇಕಾದುದು ವಾಹನದ ತಳಭಾಗದ ರಕ್ಷಣೆ ಮತ್ತು ಮರಳಿ ಬಂದ ಮೇಲೆ ಸಿಹಿನೀರಿನ ತೊಳೆತ.

ಅದಕ್ಕಿಂತ ಗಂಭೀರವಾದುದು, ದಪ್ಪ ಲೇಪ ತುಕ್ಕನ್ನು ಮರೆಮಾಡುವ ರೀತಿ. ತೆಳು ಪೇಂಟಿನಡಿ ತುಕ್ಕು ಹುಟ್ಟಿದರೆ ಗುಳ್ಳೆ ಏಳುತ್ತದೆ, ಕಂದು ನೀರು ಇಳಿಯುತ್ತದೆ, ಮಾಲೀಕನ ಕಣ್ಣಿಗೆ ಬೀಳುತ್ತದೆ. ಒಂದು ಮಿಲಿಮೀಟರ್ ದಪ್ಪದ ರಬ್ಬರು ಪದರ ಹಿಂಬದಿ ಡೋರಿನ ಹಿಂಜಿನ ಹತ್ತಿರ ಒಂದು ಬೆರಳಗಲ ಎದ್ದಿತೆಂದರೆ ಅಲ್ಲಿಂದ ನೀರು ಒಳಹೊಕ್ಕು, ಹೊರಗೆ ಆವಿಯಾಗಲಾರದೆ, ಪದರದ ಅಡಿಯಲ್ಲೇ ಹರಡುತ್ತ ಹೋಗುತ್ತದೆ. ಮೇಲಿನಿಂದ ಎಲ್ಲ ಸರಿಯಾಗಿ ಕಾಣುತ್ತಿರುವಾಗಲೇ ಅಡಿಯ ತಗಡು ತೂತು ಬಿದ್ದಿರುತ್ತದೆ. ತೊಟ್ಟಿಯ ನೆಲದಲ್ಲಿ ನೀರು ಹೋಗಲೆಂದು ತಯಾರಕರೇ ಬಿಟ್ಟಿರುವ ರಂಧ್ರಗಳನ್ನು ರೋಲರ್ ಓಡಿಸುವಾಗ ಮುಚ್ಚಿಬಿಟ್ಟರೆ ಕೆಡುಕು ಇಮ್ಮಡಿಸುತ್ತದೆ. ಚಾಸಿಗೆ, ಅದರ ಅಡ್ಡಪಟ್ಟಿಗಳಿಗೆ, ವೆಲ್ಡಿಂಗ್ ಕೂಡುಗಳಿಗೆ ಈ ಲೇಪ ಹಚ್ಚಲೇಬಾರದು. ಬಿರುಕು ಬಿಟ್ಟಿರುವುದು ಎಫ್‌ಸಿ ತಪಾಸಣೆಯಲ್ಲಿ ಕಾಣದಂತಾಗುತ್ತದೆ. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿವರ್ಷ ಎಫ್‌ಸಿ, ಎಂದರೆ ವಾಹನ ರಸ್ತೆಗೆ ಯೋಗ್ಯವೆಂಬ ಪ್ರಮಾಣಪತ್ರ, ಬೇಕೆಂದು ನಿಯಮವಿರುವುದೇ ಇಂಥ ಬಿರುಕುಗಳನ್ನು ಹಿಡಿಯಲು. ಚಾಸಿಯ ಮೇಲೆ ಕೊರೆದ ಸಂಖ್ಯೆ ಲೇಪದಡಿ ಹೂತರೆ ಎದುರಾಗುವ ತೊಡಕು ಮತ್ತೊಂದು ಬಗೆಯದು.

ರಾತ್ರಿಯ ಹೆದ್ದಾರಿಯೂ ಈ ವಿಚಾರದಲ್ಲಿ ಬರುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 104ನೇ ನಿಯಮದಂತೆ ಸರಕು ವಾಹನದ ಮುಂದೆ ಬಿಳಿ, ಬದಿಯಲ್ಲಿ ಹಳದಿ, ಹಿಂದೆ ಕೆಂಪು ಬಣ್ಣದ ಪ್ರತಿಫಲಕ ಪಟ್ಟಿ ಇರಬೇಕು. ಹಿಂದಿನಿಂದ ಬರುವ ವಾಹನದ ದೀಪದ ಬೆಳಕನ್ನು ಅದು ಮರಳಿ ಅದೇ ದಿಕ್ಕಿಗೆ ಕಳಿಸಿ, ಕತ್ತಲಲ್ಲಿ ನಿಂತ ಲಾರಿಯ ಇರವನ್ನು ತೋರಿಸುತ್ತದೆ. ಈ ಪಟ್ಟಿ ಹಿಂಬದಿಯ ಅಂಟಿನಿಂದ ನಿಲ್ಲುವಂಥದು, ಅಂಟಿಗೆ ನಯವಾದ ಮೈ ಬೇಕು. ಒರಟು ಲೇಪದ ಮೇಲೆ ಅಂಟು ಹರಳುಗಳ ತುದಿಯನ್ನಷ್ಟೇ ಹಿಡಿದುಕೊಂಡು, ಧೂಳು, ಬಿಸಿಲು, ಮಳೆಗೆ ಅಂಚಿನಿಂದ ಏಳತೊಡಗುತ್ತದೆ. 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಶಿರಾ ಸುತ್ತಮುತ್ತ ರಾತ್ರಿ ಓಡಾಡುವವರಿಗೆ, ಕಪ್ಪು ಬಣ್ಣದ, ಪಟ್ಟಿ ಉದುರಿದ ವಾಹನವೊಂದು ರಸ್ತೆಯಂಚಿನಲ್ಲಿ ನಿಂತಿರುವುದು ಎಂಥ ಅಪಾಯವೆಂದು ವಿವರಿಸಬೇಕಾದ್ದಿಲ್ಲ. ಹಿಂಬದಿ ಡೋರಿನಲ್ಲಿ ಪಟ್ಟಿ ಕೂರುವ ಜಾಗವನ್ನು ಯಾವ ಕಾರಣಕ್ಕೂ ಲೇಪದಿಂದ ಮುಚ್ಚಕೂಡದು. ತೂಕ, ಮಾಲೀಕರ ವಿವರ ಬರೆಸುವ ಜಾಗಕ್ಕೂ ಇದೇ ಮಾತು; ಗುಳಿಬಿದ್ದ ಮೈಮೇಲೆ ಬ್ರಷ್ಷಿನ ಅಕ್ಷರದ ಗೆರೆ ನೇರ ನಿಲ್ಲುವುದಿಲ್ಲ, ಕೈಬರಹದ ಕಲೆಗಾರರಿಗೆ ಉಳಿದಿರುವ ಅಷ್ಟಿಷ್ಟು ಕೆಲಸವೂ ಅದರೊಂದಿಗೆ ಹೋಗುತ್ತದೆ.

ಕಾನೂನಿನ ಬಗ್ಗೆ ಎರಡು ಮಾತು ಸಾಕು. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ನೋಂದಣಿ ಪತ್ರದ ವಿವರಗಳಿಗೆ ಹೊಂದದ ಮಾರ್ಪಾಟುಗಳನ್ನು ನಿರ್ಬಂಧಿಸುತ್ತದೆ, ನೋಂದಣಿ ಪತ್ರದಲ್ಲಿ ವಾಹನದ ಬಣ್ಣವೂ ಒಂದು ವಿವರ. ಬಿಳಿ ವಾಹನ ಕಪ್ಪಾದರೆ ಸಾರಿಗೆ ಕಚೇರಿಗೆ ತಿಳಿಸಿ ಪತ್ರದಲ್ಲಿ ತಿದ್ದಿಸಿಕೊಳ್ಳಬೇಕು, ಇಲ್ಲದಿದ್ದರೆ ತಪಾಸಣೆಯಲ್ಲೂ ವಿಮೆಯ ಪರಿಹಾರ ಕೇಳುವಾಗಲೂ ಪ್ರಶ್ನೆ ಏಳುತ್ತದೆ. ಲೈನರ್ ಬಣ್ಣಗಳಲ್ಲಿ ಮೆಚ್ಚುಗೆ ಪಡೆದ ಸೈನ್ಯದ ಆಲಿವ್ ಹಸಿರನ್ನು ರಕ್ಷಣಾ ಇಲಾಖೆಯ ವಾಹನಗಳ ಹೊರತು ಬೇರೆಯವರು ಬಳಸುವಂತಿಲ್ಲ ಎಂದು ಮೇಲೆ ಹೇಳಿದ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ 121ನೆಯದು ಹೇಳುತ್ತದೆ.

ಗ್ಯಾರೇಜಿನ ಕೆಲಸಗಾರರಿಗೆ ಹೇಳಬೇಕಾದ ಮಾತು ಎರಡು ಬಗೆಯದು, ಮೊದಲನೆಯದು ಕಸುಬಿನದು. ಈ ಭಾಗದ ಲಾರಿ, ಪಿಕಪ್ಪುಗಳಿಗೆ ಮರುಬಣ್ಣ ಹಾಕುವಾಗ ಬಳಸುವುದು ಹೆಚ್ಚಾಗಿ ಸಿಂಥೆಟಿಕ್ ಎನಾಮಲ್. ಆಲ್ಕಿಡ್ ಎಂಬ ಎಣ್ಣೆಯಂಶದ ರಾಳವನ್ನು ಟರ್ಪೆಂಟೈನಿನಲ್ಲಿ ಕರಗಿಸಿದ ಇದು ಗಾಳಿಯ ಆಮ್ಲಜನಕ ಹೀರಿ ಒಣಗುತ್ತದೆ. ಬೆಡ್ ಲೈನರಿನಲ್ಲಿರುವ ಝೈಲೀನ್‌ನಂಥ ಬಲವಾದ ದ್ರಾವಕ ಆ ಎನಾಮಲ್ಲನ್ನು ಮೆತ್ತಗೆ ಮಾಡಿ ಸುಕ್ಕುಗಟ್ಟಿಸಿ ಎಬ್ಬಿಸುತ್ತದೆ. ಆದುದರಿಂದ ಕೆಲಸ ಒಪ್ಪಿಕೊಳ್ಳುವ ಮೊದಲು ಎರಡು ಪರೀಕ್ಷೆ ಮಾಡಿ ನೋಡುವುದು ಲೇಸು. ಥಿನ್ನರಿನಲ್ಲಿ ನೆನೆಸಿದ ಬಟ್ಟೆಯನ್ನು ಹಳೆಯ ಪೇಂಟಿನ ಮೇಲೆ ಕೆಲವು ನಿಮಿಷ ಇಟ್ಟು, ಪೇಂಟು ಸುಕ್ಕಾದರೆ ಅಥವಾ ಬಣ್ಣ ಬಟ್ಟೆಗೆ ಬಂದರೆ ಅದನ್ನು ಪೂರ್ತಿ ಕೆರೆಯದೆ ಗತ್ಯಂತರವಿಲ್ಲ. ಸುಕ್ಕಾಗದಿದ್ದರೆ ಬ್ಲೇಡಿನಿಂದ ಚೌಕಳಿ ಗೀರು ಹಾಕಿ, ಮೇಲೆ ಟೇಪು ಒತ್ತಿ, ಒಮ್ಮೆಗೇ ಎಳೆದು ನೋಡಬೇಕು. ಚೌಕಗಳು ಟೇಪಿನೊಂದಿಗೆ ಕಿತ್ತು ಬಂದರೆ ಆ ಪೇಂಟಿನ ಮೇಲೆ ಹಚ್ಚಿದ ಲೈನರೂ ಒಂದು ದಿನ ಹಾಗೆಯೇ ಕಿತ್ತು ಬರುತ್ತದೆ. ಲೈನರ್ ಎಷ್ಟು ಬಲವಾದರೂ ಅದರ ಅಡಿಯಲ್ಲಿರುವ ಅತಿ ದುರ್ಬಲ ಪದರದಷ್ಟೇ ಗಟ್ಟಿ. ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಬರಿಯ ತಗಡಿಗೆ ಎಪಾಕ್ಸಿ ಪ್ರೈಮರ್ ಹಚ್ಚಿ, ಉಳಿದ ಮೈಯನ್ನು ಒರಟು ಉಪ್ಪುಕಾಗದದಿಂದ ಹೊಳಪು ಹೋಗುವಂತೆ ತಿಕ್ಕಿ, ಗ್ರೀಸು, ಎಣ್ಣೆಗಳನ್ನು ಒರೆಸಿ ತೆಗೆದ ಮೇಲೆಯೇ ರೋಲರ್ ಮುಟ್ಟಬೇಕು. ಡಬ್ಬ ತೆರೆದು ಹಚ್ಚುವುದು ಅರ್ಧ ದಿನದ ಕೆಲಸ. ಮೊದಲ ಸಿದ್ಧತೆಯೇ ಎರಡು ಮೂರು ದಿನ ತಿನ್ನುತ್ತದೆ, ಆ ದಿನಗಳ ಕೂಲಿಯನ್ನು ಮಾಲೀಕರು ಚೌಕಾಸಿ ಮಾಡಿ ಕಡಿತಗೊಳಿಸಿದರೆ ಸಿದ್ಧತೆಯೂ ಅಷ್ಟೇ ಆಗುತ್ತದೆ.

ಹವಾಮಾನದ ಆಟವನ್ನೂ ಕಸುಬುದಾರರು ತಿಳಿದಿರಬೇಕು. ಒಂದೇ ಡಬ್ಬದ ಜಾತಿಗೆ ಗಾಳಿಯ ತೇವ ಬೇಕಾಗಿರುವುದರಿಂದ, ಆರ್ದ್ರತೆ ಶೇಕಡಾ 30ಕ್ಕಿಂತ ಕೆಳಗಿಳಿಯುವ ಮಾರ್ಚ್, ಏಪ್ರಿಲ್ ಮಧ್ಯಾಹ್ನಗಳಲ್ಲಿ ಅದು ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿಯೇ ಇರುತ್ತದೆ. ತೇವ ಅತಿಯಾದರೂ ಕೇಡೇ: ಐಸೊಸಯನೇಟ್ ನೀರಿನೊಡನೆ ಸೇರಿದಾಗ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ, ಪದರದೊಳಗೆ ಗುಳ್ಳೆಗಳೆದ್ದು ಸೂಜಿತೂತು ಬೀಳುತ್ತವೆ, ನೀರಿಳಿಯಲು ಅಷ್ಟು ಸಾಕು. ನೀರು ತಾಗಿದ ಉಳಿಕೆಯನ್ನು ಡಬ್ಬದಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಅದೇ ಅನಿಲ ಒಳಗೆ ಒತ್ತಡವೇರಿಸಿ ಡಬ್ಬ ಉಬ್ಬುವುದೂ ಸಿಡಿಯುವುದೂ ಉಂಟು. ಎರಡು ಡಬ್ಬದ ಜಾತಿಯಲ್ಲಿ ಬೆರೆಸಿದ ಮೇಲೆ ಬಳಸಲು ಸಿಗುವ ಅವಧಿ ಶಾಖ ಹತ್ತು ಡಿಗ್ರಿ ಏರಿದಂತೆ ಸುಮಾರಾಗಿ ಅರ್ಧಕ್ಕಿಳಿಯುತ್ತದೆ. ಬಿಸಿಲಲ್ಲಿ ನಿಂತು ಕಾದ ತಗಡಿನ ಮೇಲೆ ಹಚ್ಚಿದರೆ ದ್ರಾವಕ ಕುದಿದಂತೆ ಎದ್ದು ಗುಳ್ಳೆ ಬಿಡುತ್ತದೆ. ನೆರಳಿನ ಶೆಡ್ಡು, ಬೆಳಗಿನ ಹೊತ್ತು, ಮಳೆಗಾಲ ಕಳೆದ ಮೇಲಿನ ತಿಂಗಳುಗಳು ಈ ಕೆಲಸಕ್ಕೆ ಹೊಂದುತ್ತವೆ. ಡಬ್ಬದ ಮೇಲೆ ಬರೆದಷ್ಟು ದಿನ ಪೂರ್ತಿ ಗಟ್ಟಿಯಾಗುವ ಮುನ್ನ ಹುಣಸೆಹಣ್ಣೋ ಕಡಲೆಕಾಯಿಯೋ ತುಂಬಿದರೆ ಸರಕಿಗೆ ಥಿನ್ನರ್ ವಾಸನೆ ಹತ್ತುತ್ತದೆ.

ಎರಡನೆಯ ಮಾತು ಉಸಿರಿನದು, ಈ ಪತ್ರದಲ್ಲಿ ಅತ್ಯಂತ ಮುಖ್ಯವಾದುದೂ ಅದೇ. ಐಸೊಸಯನೇಟ್ ಶ್ವಾಸಕೋಶವನ್ನು ಸಂವೇದಿಯನ್ನಾಗಿ ಮಾಡುವ ರಾಸಾಯನಿಕ. ಎಂದರೆ, ಕೆಲವರಲ್ಲಿ ಕೆಲವು ಸಲ ಒಳಹೊಕ್ಕ ಮೇಲೆ ದೇಹ ಅದನ್ನು ಶತ್ರುವೆಂದು ಗುರುತಿಟ್ಟುಕೊಂಡು, ಮುಂದೆ ಅತಿ ಸ್ವಲ್ಪ ಪ್ರಮಾಣ ತಾಗಿದರೂ ಉಬ್ಬಸ ಬರುವಂತಾಗುತ್ತದೆ. ಉಬ್ಬಸ ಒಮ್ಮೊಮ್ಮೆ ಕೆಲಸದ ಹೊತ್ತಿನಲ್ಲಿ ಕಾಣದೆ ಗಂಟೆಗಳು ಕಳೆದು ರಾತ್ರಿ ಮಲಗಿದಾಗ ಬರುವುದರಿಂದ, ಧೂಳಿನ ಕೆಮ್ಮು ಎಂದೋ ಬೀಡಿಯ ಕೆಮ್ಮು ಎಂದೋ ತಳ್ಳಿಹಾಕಲಾಗುತ್ತದೆ. ಒಮ್ಮೆ ಈ ಸ್ಥಿತಿ ಬಂದ ಪೇಂಟರ್ ಆ ಕಸುಬನ್ನೇ ಬಿಡಬೇಕಾಗಬಹುದು. ವಾಸನೆ ಮೂಗಿಗೆ ತಿಳಿಯುವ ಮೊದಲೇ ಇದರ ಪ್ರಮಾಣ ಸುರಕ್ಷಿತ ಮಿತಿಯನ್ನು ದಾಟಿರುತ್ತದೆ, ಹಾಗಾಗಿ ವಾಸನೆ ಇಲ್ಲ ಎಂಬುದು ಧೈರ್ಯಕ್ಕೆ ಕಾರಣವಾಗದು. ಮುಖಕ್ಕೆ ಸುತ್ತಿದ ಟವೆಲು ಧೂಳನ್ನು ಸ್ವಲ್ಪ ತಡೆದೀತು, ಆವಿಯನ್ನು ತಡೆಯುವುದಿಲ್ಲ. ಇದ್ದಿಲಿನ ಫಿಲ್ಟರ್ ಇರುವ, ಮುಖಕ್ಕೆ ಬಿಗಿಯಾಗಿ ಕೂರುವ ಮುಖಗವಸು, ನೈಟ್ರೈಲ್ ಕೈಗವಸು, ಎರಡೂ ಕಡೆ ಗಾಳಿಯಾಡುವ ಜಾಗ ಇಲ್ಲದೆ ಡಬ್ಬ ತೆರೆಯಕೂಡದು. ಯುರೋಪಿನ ಒಕ್ಕೂಟದಲ್ಲಿ 2023ರ ಆಗಸ್ಟ್ 24ರಿಂದ, ಶೇಕಡಾ 0.1ಕ್ಕಿಂತ ಹೆಚ್ಚು ಡೈಐಸೊಸಯನೇಟ್ ಇರುವ ಪದಾರ್ಥವನ್ನು ಕಸುಬಿಗಾಗಿ ಬಳಸುವವರು ತರಬೇತಿ ಪಡೆದಿರಲೇಬೇಕೆಂಬ ನಿಯಮವಿದೆ. ಅಲ್ಲಿ ತರಬೇತಿಯಿಲ್ಲದೆ ಕೈಗೆ ಕೊಡದ ವಸ್ತುವನ್ನು ಇಲ್ಲಿ ಹದಿನೆಂಟರ ಹುಡುಗನ ಬರಿಗೈಗೆ ಕೊಡುವುದು ಅನ್ಯಾಯ. ಗನ್ನಿನಿಂದ ಸಿಂಪಡಿಸುವುದಕ್ಕಿಂತ ರೋಲರಿನಲ್ಲಿ ಗಾಳಿಗೆ ಹಾರುವ ಹನಿ ಕಡಿಮೆ ಎಂಬುದು ರೋಲರಿನ ಪರವಾಗಿ ಹೇಳಬೇಕಾದ ಮಾತು. ಆ ಕಾರಣಕ್ಕೆ ಸಣ್ಣ ಗ್ಯಾರೇಜುಗಳಲ್ಲಿ ಸ್ಪ್ರೇ ಜಾತಿಯ ಲೈನರ್ ಮಾಡಲೇಬಾರದು.

ಇದರ ಅಪಾಯ ಹಚ್ಚಿದ ದಿನಕ್ಕೇ ಮುಗಿಯುವುದೂ ಇಲ್ಲ. ಲಾರಿಯ ಮೈಗೆ ವೆಲ್ಡಿಂಗ್ ಆಗಾಗ ಬೀಳುವ ಕೆಲಸ. ಗಟ್ಟಿಯಾದ ಪಾಲಿಯುರೆಥೇನ್ ತಣ್ಣಗಿರುವಾಗ ನಿರಪಾಯ. ಗ್ಯಾಸ್ ಕಟರಿನ, ವೆಲ್ಡಿಂಗಿನ ಶಾಖಕ್ಕೆ ಸುಟ್ಟಾಗ ಐಸೊಸಯನೇಟನ್ನೂ ಹೈಡ್ರೋಜನ್ ಸಯನೈಡನ್ನೂ ಹೊಗೆಯಲ್ಲಿ ಬಿಡುತ್ತದೆ. ಇಡೀ ಹೊರಮೈಗೆ ಲೈನರ್ ಬಳಿದ ವಾಹನ ಅಪಘಾತವಾಗಿ ಟಿಂಕರಿಂಗಿಗೆ ಬಂದರೆ, ಅದನ್ನು ಮೊದಲು ಅಗಲವಾಗಿ ಕೆರೆದು ತೆಗೆಯದೆ ವೆಲ್ಡರ್ ಕೆಲಸ ಶುರುಮಾಡಬಾರದು. ಎನಾಮಲ್ ಮೈಯಾದರೆ ಒಂದು ಬಾಗಿಲಿನ ತೇಪೆ ಒಂದು ದಿನದಲ್ಲಿ ಮುಗಿದು ಬಣ್ಣವೂ ಹೊಂದುತ್ತದೆ; ಲೈನರಿನ ಒರಟನ್ನು ಪಕ್ಕದ ಹಳೆಯ ಒರಟಿಗೆ ಹೊಂದಿಸುವುದು ನುರಿತ ಕೈಗೂ ಸುಲಭವಲ್ಲ.

ಮಾಲೀಕರಲ್ಲಿ ವಿನಂತಿ ಇಷ್ಟು. ಪಿಕಪ್ಪಿನ ತೊಟ್ಟಿಯ ಒಳಮೈ, ಚಕ್ರದ ಕಮಾನಿನ ಅಡಿ, ಬಾಗಿಲಿನ ಕೆಳಪಟ್ಟಿ, ಇಷ್ಟಕ್ಕೆ ಬೆಡ್ ಲೈನರ್ ಹಚ್ಚಿಸಿ. ಕ್ಯಾಬಿನ್ ಮತ್ತು ಹೊರಮೈಗೆ ಒಳ್ಳೆಯ ಪ್ರೈಮರಿನ ಮೇಲೆ ತಿಳಿಬಣ್ಣದ ಪಿಯು (ಪಾಲಿಯುರೆಥೇನ್) ಪೇಂಟನ್ನೋ ಎನಾಮಲ್ಲನ್ನೋ ಹಾಕಿಸಿ, ಚಾವಣಿಗೆ ಬಿಳಿ ಬಿಟ್ಟು ಬೇರೆ ಬೇಡ. ಹೇಗಿದ್ದರೂ ಹೊರಮೈಗೆ ಹಚ್ಚಿಸಲೇಬೇಕೆಂದಿರುವವರು ಅಲಿಫ್ಯಾಟಿಕ್ ಜಾತಿಯ ತಿಳಿಬಣ್ಣದ ಲೇಪವನ್ನು ಆರಿಸಿಕೊಂಡು, ಪ್ರತಿಫಲಕ ಪಟ್ಟಿಯ ಜಾಗವನ್ನೂ ಚಾಸಿ ಸಂಖ್ಯೆಯನ್ನೂ ನೀರಿನ ರಂಧ್ರಗಳನ್ನೂ ಬಿಡಿಸಿ, ಬಣ್ಣದ ಬದಲಾವಣೆಯನ್ನು ಮಧುಗಿರಿಯ ಸಾರಿಗೆ ಕಚೇರಿಯಲ್ಲಿ ದಾಖಲಿಸಬೇಕು. ಗ್ಯಾರೇಜಿಗೆ ಡಬ್ಬ ತಂದುಕೊಡುವ ಮಾಲೀಕರು ಅದರೊಂದಿಗೆ ಹಚ್ಚುವವರಿಗೆಲ್ಲ ಇದ್ದಿಲಿನ ಮುಖಗವಸನ್ನೂ ತಂದುಕೊಡಬೇಕು. ಅದರ ಬೆಲೆಯನ್ನು ಕೆಲಸದ ಬಿಲ್ಲಿನಲ್ಲೇ ಸೇರಿಸಿ ಕೇಳುವುದು ಪೇಂಟರುಗಳ ಹಕ್ಕು, ಅದಿಲ್ಲದೆ ಯಾರೇ ಕೆಲಸ ಕೊಟ್ಟರೂ ಅವರು ಒಪ್ಪಿಕೊಳ್ಳದಿರಲಿ.